ಕುಂಕುಮ ಹಚ್ಚಿದ ಕಕ್ಕಸು

ಮಗಳ ನೀರಿನ ಬಾಟಲಿ ಬೆಳಿಗ್ಗೆ ಹೋದಷ್ಟೇ ಭಾರವಾಗಿ ಸಂಜೆ ವಾಪಸು ಬರುತ್ತಿತ್ತು. ಮೊದಮೊದಲು ನಾನು ಅವಳನ್ನೇ ಬೈದೆ. ಚೆನ್ನೈ ಬಿಸಿಲಿನಲ್ಲಿ, ಫ್ಯಾನು ತಿರುಗಿದರೂ ಗಾಳಿ ಬಾರದ ಕ್ಲಾಸಿನಲ್ಲಿ ದಿನವಿಡೀ ಕೂತು ಬರುವ ಹುಡುಗಿ ಒಂದು ಗುಟುಕು ನೀರು ಕುಡಿಯುವುದಿಲ್ಲವೆಂದರೆ ಇದೆಂಥ ಸೊಕ್ಕು ಎಂದುಕೊಂಡೆ. ನಾನು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ, ಈ ಊರಲ್ಲಿ ಹುಟ್ಟಿದ ನಮ್ಮ ಮಕ್ಕಳೆಲ್ಲ ಹಾಗೆಯೇ. "ತಾಗಮೇ ಇಲ್ಲೆಮ್ಮಾ," ಅಂದಳು. ಬಾಯಾರಿಕೆಯೇ ಇಲ್ಲವಂತೆ. ಅವಳ ಒಣಗಿದ ತುಟಿ ನೋಡಿದರೆ ಎಂಥ ಕುರುಡರಿಗೂ ಅದು ಸುಳ್ಳೆಂದು ಗೊತ್ತಾಗುತ್ತಿತ್ತು.

ಆಮೇಲೆ ಜ್ವರ ಬಂತು. ಚಳಿ, ಸೊಂಟನೋವು, ಮೂತ್ರಕ್ಕೆ ಹೋದರೆ ಉರಿ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನನ್ನನ್ನು ಬಿಟ್ಟು ಮಗಳನ್ನೇ ಕೇಳಿದರು, ಸ್ಕೂಲಲ್ಲಿ ಬಾತ್‌ರೂಮಿಗೆ ಹೋಗುತ್ತೀಯಾ ಎಂದು. ಅವಳು ನನ್ನ ಮುಖ ನೋಡಿದಳು, ನೆಲ ನೋಡಿದಳು, ಇಲ್ಲವೆಂದು ತಲೆ ಆಡಿಸಿದಳು. ಯಾಕೆ ಎಂದರೆ ಒಂದೇ ಮಾತು: "ಪೂಟ್ಟು." ಬೀಗ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, "ಔಷಧಿ ಕೊಡ್ತೀನಮ್ಮಾ, ಆದರೆ ಇವಳು ನೀರು ಕುಡಿಯದೆ ಇದ್ದರೆ ಮತ್ತೆ ಬರುತ್ತೆ, ಕಿಡ್ನಿಗೆ ಹೋದರೆ ಕಷ್ಟ," ಎಂದರು. ಆವತ್ತು ಆಸ್ಪತ್ರೆಯ ಬಾಗಿಲು ದಾಟುವಷ್ಟರಲ್ಲಿ ನನ್ನ ಪಿತ್ತ ನೆತ್ತಿಗೇರಿತ್ತು.

ಬೀಗ ಯಾವುದಕ್ಕೆ ಎಂದು ನನಗೆ ಗೊತ್ತಿತ್ತು. ವಡಪಳನಿಯ ಆಸುಪಾಸಿನ ಆ ಕಾರ್ಪೊರೇಷನ್ ಶಾಲೆಯ ಹೊರಗೋಡೆಗೆ ವರ್ಷ ವರ್ಷ ಬಣ್ಣ ಬಳಿಯುತ್ತಾರೆ. ರಸ್ತೆಯಲ್ಲಿ ಹೋಗುವವರಿಗೆ ಕಾಣುವ ಭಾಗಕ್ಕೆ ಮಾತ್ರ. ಒಳಗೆ ಛಾವಣಿಯ ಗಾರೆ ಉದುರಿ ಕಬ್ಬಿಣ ಹೊರಗೆ ಬಂದಿದೆ, ಅದರ ಕೆಳಗಿನ ಬೆಂಚುಗಳನ್ನು ಟೀಚರೇ ಪಕ್ಕಕ್ಕೆ ಎಳೆದಿದ್ದಾರೆ. ಹುಡುಗಿಯರ ಹಳೆಯ ಕಕ್ಕಸಿಗೆ ಚಿಲಕ ಇರಲಿಲ್ಲ. ಒಬ್ಬಳು ಹೊರಗಿನಿಂದ ಬಾಗಿಲು ಹಿಡಿದು ನಿಂತರೆ ಇನ್ನೊಬ್ಬಳು ಒಳಗೆ ಹೋಗಬೇಕು. ಅದರ ಗುಂಡಿ ಉಕ್ಕಿ ಅಂಗಳಕ್ಕೆ ಹರಿದ ಮೇಲೆ ಹಲಗೆ ಹೊಡೆದು ಮುಚ್ಚಿದರು. ಮುಟ್ಟಿನ ದಿನಗಳಲ್ಲಿ ನನ್ನ ಮಗಳು ಸ್ಕೂಲಿಗೇ ಹೋಗುತ್ತಿರಲಿಲ್ಲ.

ಹಳೆಯದರ ಪಕ್ಕದಲ್ಲೇ ಹೊಸದು ಕಟ್ಟಿಸಿದವರು ನಮ್ಮ ಕನ್ನಡದವರೇ. ನಮ್ಮ ಮನೆಯವರು ದೋಸೆಕಲ್ಲಿನ ಮುಂದೆ ನಿಲ್ಲುವ ಹೋಟೆಲಿನ ಧಣಿಗಳು, ಉಡುಪಿ ಕಡೆಯವರು, ಇನ್ನೂ ಕೆಲವು ಹೋಟೆಲಿನವರನ್ನು ಸೇರಿಸಿಕೊಂಡು ಕಟ್ಟಿಸಿದರು. ಗೋಡೆಗೆ ಗುಲಾಬಿ ಟೈಲ್ಸು, ಹೆಸರು ಕೆತ್ತಿದ ಕಲ್ಲು. ಉದ್ಘಾಟನೆಯ ದಿನ ಬಾಗಿಲಿಗೆ ಅರಸಿನ ಕುಂಕುಮ ಹಚ್ಚಿ, ದೃಷ್ಟಿ ಬೀಳದಿರಲಿ ಎಂದು ಕಣ್ಣು ಮೂತಿ ಬರೆದ ಬೂದುಗುಂಬಳ ಕಟ್ಟಿದ್ದರು. ಪೋಷಕರ ಸಮಿತಿಯಲ್ಲಿದ್ದ ತಾಯಂದಿರು, ಅವರಲ್ಲಿ ನಾನೂ ಒಬ್ಬಳು, ಮುಂದೆ ರಂಗೋಲಿ ಹಾಕಿದ್ದೆವು. ಫೋಟೋ ಆಯಿತು, ಎಲ್ಲರಿಗೂ ಕೇಸರಿಬಾತು ಬಂತು. ಆಮೇಲೆ ಆ ದಿನಕ್ಕೆಂದು ಬೀಗ ಬಿತ್ತು. ಮಕ್ಕಳು ನಾಳೆಯಿಂದ ಹೋಗುತ್ತಾರೆ ಎಂದು ನಾನು ನೆಮ್ಮದಿಯಾಗಿ ಮನೆಗೆ ಬಂದಿದ್ದೆ.

ಮಗಳ ಜ್ವರ ಇಳಿದ ಮೇಲೆ ಹೆಡ್‌ಮಿಸ್ಟ್ರೆಸ್ ಹತ್ತಿರ ಹೋದೆ. ಅವರು ತಮಿಳಿನವರು, ಕೆಟ್ಟವರೇನಲ್ಲ, ಕೂರಿಸಿಯೇ ಮಾತಾಡಿಸಿದರು.

"ಹೊಸದಮ್ಮಾ ಅದು. ಮಕ್ಕಳ ಕೈಗೆ ಕೊಟ್ಟರೆ ನಾಲ್ಕು ದಿನದಲ್ಲಿ ನಾಶ ಮಾಡಿಬಿಡ್ತಾರೆ. ತೊಳೆಯೋಕೆ ಆಳು ಕೊಟ್ಟಿಲ್ಲ ನಮಗೆ. ಇನ್ಸ್‌ಪೆಕ್ಷನ್‌ಗೆ ಆಫೀಸರು ಬಂದಾಗ ಗಲೀಜಾಗಿದ್ದರೆ ಯಾರನ್ನ ಕೇಳ್ತಾರೆ ಹೇಳಿ? ನನ್ನನ್ನ."

"ಹಾಗಾದರೆ ಮಕ್ಕಳು ಎಲ್ಲಿಗೆ ಹೋಗಬೇಕು ಮೇಡಂ?"

"ಮನೆಯಿಂದಲೇ ಹೋಗಿ ಬರೋ ಹಾಗೆ ಅಭ್ಯಾಸ ಮಾಡಿಸಿಮ್ಮಾ."

ಸಿಟ್ಟು ಬಂದರೆ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. ಸ್ಟಾಫ್ ರೂಮಿನ ಹಿಂದಿರುವ ಬಾತ್‌ರೂಮಿಗೂ ನೀವು ಬೀಗ ಹಾಕಿ, ನೀವೂ ಮನೆಯಿಂದಲೇ ಹೋಗಿ ಬನ್ನಿ ಎಂದೆ. ಅವರ ಮುಖ ಕೆಂಪಾಯಿತು. ಬೀಗ ಮಾತ್ರ ಅಲ್ಲೇ ಇತ್ತು.

ಅವರನ್ನೊಬ್ಬರನ್ನೇ ಬೈದು ಏನು ಫಲ? ನಮ್ಮ ಮನೆಗಳಲ್ಲೂ ಇದೇ ಬುದ್ಧಿ. ಹೊಸ ಲೋಟಗಳನ್ನು ಶೋಕೇಸಿನಲ್ಲಿಟ್ಟು ಒಡಕು ಲೋಟದಲ್ಲಿ ಕಾಫಿ ಕುಡಿಯುತ್ತೇವೆ, ಹೊಸ ಬೆಡ್‌ಶೀಟನ್ನು ನೆಂಟರಿಗೆಂದು ಮಡಿಸಿಡುತ್ತೇವೆ. ಆದರೆ ಲೋಟ ಮುಚ್ಚಿಟ್ಟರೆ ಯಾರಿಗೂ ಜ್ವರ ಬರುವುದಿಲ್ಲ. ಬಳಸದೆ ಇಡುವುದನ್ನೇ ಕಾಪಾಡುವುದು ಎಂದುಕೊಂಡ ಜನ ನಾವು. ಸರ್ಕಾರದವರಿಗಾಗಲಿ ದಾನಿಗಳಿಗಾಗಲಿ, ಒಬ್ಬರಿಗೂ ಆ ಕಟ್ಟಡ ಯಾರಿಗಾಗಿ ಎಂಬ ನೆನಪೇ ಇಲ್ಲ.

ಇನ್ಸ್‌ಪೆಕ್ಷನ್ ದಿನ ಗೊತ್ತಾದಾಗ ಸಮಿತಿಯ ತಾಯಂದಿರಿಗೆ ಮತ್ತೆ ಹೇಳಿಕಳಿಸಿದರು, ಒಳ್ಳೆಯ ಸೀರೆ ಉಟ್ಟು ಬನ್ನಿ, ರಂಗೋಲಿ ಹಾಕಬೇಕು ಎಂದು. ನಮ್ಮ ಮನೆಯವರಿಗೆ ನನ್ನ ಮುಖ ನೋಡಿಯೇ ಅನುಮಾನ ಬಂತು.

"ಅಲ್ಲಿ ಎಂತದೂ ಗಲಾಟೆ ಮಾಡ್ಬೇಡ ಮಾರಾಯ್ತಿ. ಕಲ್ಲಿನಲ್ಲಿ ಧಣಿಗಳ ಹೆಸರುಂಟು. ನಾಳೆ ನಾನು ಅವರ ಎದುರು ನಿಲ್ಬೇಕಲ್ಲ."

"ನಿಮ್ಮ ಮಗಳು ರಾತ್ರಿಯೆಲ್ಲ ಅತ್ತದ್ದು ಮರೆತುಹೋಯ್ತಾ ನಿಮಗೆ?" ಎಂದೆ. ಅವರು ಚಪ್ಪಲಿ ಮೆಟ್ಟಿಕೊಂಡು ಕೆಲಸಕ್ಕೆ ಹೋದರು.

ರಂಗೋಲಿ ಹಾಕಿದೆ. ಬೇಕೆಂದೇ ಚೆನ್ನಾಗಿ ಹಾಕಿದೆ. ಬೀಗ ತೆಗೆದಿದ್ದರು, ಒಳಗೆ ಫಿನಾಯಿಲ್ ವಾಸನೆ, ಮೂಲೆಯಲ್ಲಿ ಬಕೆಟ್ಟಿನ ತುಂಬ ನೀರು, ಅದರ ಮೇಲೆ ಹೊಸ ಮಗ್ಗು. ಆಫೀಸರು ಬಂದರು. ಹೊಸ್ತಿಲಲ್ಲೇ ನಿಂತು ಇಣುಕಿ, ಒಂದು ಕಲೆ ಇಲ್ಲ, ನಮ್ಮ ಝೋನಿನಲ್ಲೇ ಇಷ್ಟು ಕ್ಲೀನಾಗಿ ಇಟ್ಟವರಿಲ್ಲ ಎಂದು ಹೆಡ್‌ಮಿಸ್ಟ್ರೆಸನ್ನು ಹೊಗಳಿದರು. ನಾನು ಮುಂದೆ ಬಂದೆ.

"ಸಾರ್, ಹೇಗಿದ್ದರೂ ಬಾಗಿಲು ತೆರೆದಿದೆ. ಮಕ್ಕಳು ಹೋಗಬಹುದಾ?" ಎಂದು ಕೇಳಿದೆ.

ಅವರು ನಕ್ಕರು. ಮಕ್ಕಳಿಗೆಂದೇ ಕಟ್ಟಿಸಿದ್ದಲ್ಲವೇನಮ್ಮಾ, ಇದನ್ನೂ ಕೇಳಬೇಕೇ ಎಂದರು. ನಾನು ಅಂಗಳದಲ್ಲಿ ಸಾಲು ನಿಲ್ಲಿಸಿದ್ದ ಹುಡುಗಿಯರ ಕಡೆ ತಿರುಗಿ, ಸಾರ್ ಹೇಳಿದ್ದಾರೆ, ಹೋಗಿ ಬನ್ನಿ ಎಂದೆ. ಹುಡುಗಿಯರು ಮೊದಲು ಹೆಡ್‌ಮಿಸ್ಟ್ರೆಸ್ ಮುಖ ನೋಡಿದರು. ಆಮೇಲೆ ಸಾಲು ಒಡೆಯಿತು. ದೊಡ್ಡವರು, ಚಿಕ್ಕವರು, ಎಲ್ಲರೂ ಓಡಿ ಬಂದರು, ನನ್ನ ರಂಗೋಲಿ ಅವರ ಕಾಲಡಿಯಲ್ಲಿ ಅಳಿಸಿಹೋಯಿತು. ಇಷ್ಟು ಮಕ್ಕಳು ಬೆಳಗ್ಗಿನಿಂದ ತಡೆದುಕೊಂಡು ನಿಂತಿದ್ದರು.

ಬಕೆಟ್ಟಿನ ನೀರು ನಾಲ್ಕೈದು ಮಕ್ಕಳಿಗೇ ಮುಗಿಯಿತು. ಒಂದನೇ ಕ್ಲಾಸಿನ ಒಂದು ಪುಟಾಣಿ ಲಂಗ ಎತ್ತಿ ಹಿಡಿದುಕೊಂಡೇ ಹೊರಗೆ ಬಂದು, "ಮಿಸ್, ತಣ್ಣಿ ವರಲೆ," ಎಂದಿತು. ನಲ್ಲಿಯಲ್ಲಿ ನೀರು ಬರುತ್ತಿಲ್ಲ. ಆಫೀಸರೇ ಒಳಗೆ ಹೋಗಿ ನಲ್ಲಿ ತಿರುಗಿಸಿದರು. ಒಂದು ಹನಿ ಬೀಳಲಿಲ್ಲ. ನಾನು ಕಟ್ಟಡದ ಹಿಂದಕ್ಕೆ ಹೋಗಿ ನೋಡಿದೆ. ಪೈಪು ಗೋಡೆಯಿಂದ ಹೊರಗೆ ಬಂದು, ನನ್ನ ಎದೆಯ ಎತ್ತರಕ್ಕೆ ಏರಿ, ಅಲ್ಲಿಗೇ ನಿಂತಿತ್ತು. ಅದರ ಬಾಯಿಗೆ ಬಟ್ಟೆ ತುರುಕಿದ್ದರು. ಮೇಲೆ ಟ್ಯಾಂಕೇ ಇರಲಿಲ್ಲ.

ಇಡೀ ಹೋಟೆಲು ನಡೆಸುವ ಜನ ಕಟ್ಟಿಸಿದ್ದು ಇದು. ಹೊಸ ಬ್ರಾಂಚ್ ತೆರೆಯುವ ಮೊದಲು ನೀರಿನ ವ್ಯವಸ್ಥೆ ಏನು ಎಂದು ಕೇಳದೆ ನಮ್ಮ ಧಣಿಗಳು ಅಡ್ವಾನ್ಸ್ ಕೊಡುವುದಿಲ್ಲ. ಗಿರಾಕಿಗಳ ಬಾತ್‌ರೂಮು ಒದ್ದೆಯಾಗಿದ್ದರೆ ಮ್ಯಾನೇಜರನ ಚಳಿ ಬಿಡಿಸುತ್ತಾರೆ. ಮಕ್ಕಳಿಗೆ ಕಟ್ಟಿಸುವಾಗ ಟೈಲ್ಸಿನ ಬಣ್ಣ ಆರಿಸಿದರು, ಕಲ್ಲಿನಲ್ಲಿ ಅಕ್ಷರ ಎಷ್ಟು ದೊಡ್ಡದಿರಬೇಕು ಎಂದು ಚರ್ಚಿಸಿದರು, ನೀರು ಮಾತ್ರ ಕಾರ್ಪೊರೇಷನ್ನಿನವರು ಕೊಡುತ್ತಾರೆ ಎಂದು ಬಿಟ್ಟರು. ಕಾರ್ಪೊರೇಷನ್ನಿನವರು ಕಟ್ಟಿಸಿದವರೇ ಕೊಡಲಿ ಎಂದು ಬಿಟ್ಟರು.

ಎಲ್ಲರ ಎದುರು ಆಫೀಸರು ಆಜ್ಞೆ ಮಾಡಿದರು, ನೀರಿನ ಕನೆಕ್ಷನ್ ಬೇಗ ಆಗಬೇಕು, ಇನ್ನು ಬೀಗ ಹಾಕಬಾರದು ಎಂದು. ಜೀಪು ಹೊರಟಿತು. ಹೆಡ್‌ಮಿಸ್ಟ್ರೆಸ್ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಆ ಸಂಜೆ ಧಣಿಗಳು ನಮ್ಮ ಮನೆಯವರನ್ನು ಕರೆದು, ನಿನ್ನ ಹೆಂಡತಿಗೆ ಬೇರೆ ಕೆಲಸ ಇಲ್ಲವಾ ಎಂದು ಕೇಳಿದರಂತೆ. ಇದೆ, ಮಗಳಿಗೆ ನೀರು ಕುಡಿಸುವ ಕೆಲಸ ಎಂದು ಹೇಳಿ ಎಂದೆ. ಅವರು ಹೇಳಿರಲಿಕ್ಕಿಲ್ಲ.

ಸ್ವಲ್ಪ ದಿನ ಕಳೆದು ಒಂದು ಸಂಜೆ ಮಗಳ ಬ್ಯಾಗು ಎತ್ತಿದರೆ ಹಗುರವಾಗಿತ್ತು. ಬಾಟಲಿ ತೆಗೆದು ಅಲ್ಲಾಡಿಸಿದೆ, ಖಾಲಿ. ನನಗೆ ಎಷ್ಟು ಸಂತೋಷವಾಯಿತೆಂದರೆ, ಒಲೆಯ ಮೇಲಿಟ್ಟ ಹಾಲನ್ನು ಮರೆತು ಅವಳ ತಲೆ ಸವರುತ್ತ ನಿಂತೆ.

"ಎಲ್ಲ ಕುಡಿದ್ಯಾ?"

"ಕುಡಿಕ್ಕಲೆಮ್ಮಾ," ಎಂದಳು. ಕುಡಿಯಲಿಲ್ಲ. "ಕಕ್ಕೂಸ್‌ಲ ಊತ್ತಿಟ್ಟೇನ್." ಕಕ್ಕಸಿಗೆ ಸುರಿದುಬಿಟ್ಟೆ.

ಕೂರಿಸಿ ಕೇಳಿದೆ. ನಲ್ಲಿಯಲ್ಲಿ ನೀರು ಇನ್ನೂ ಬಂದಿಲ್ಲ. ಪೈಪು ಹಾಗೆಯೇ ಬಟ್ಟೆ ಕಚ್ಚಿಕೊಂಡು ನಿಂತಿದೆ. ವಾಸನೆ ಬಂದರೆ ಮತ್ತೆ ಬೀಗ ಹಾಕುತ್ತೇವೆ ಎಂದು ಟೀಚರು ಹೇಳಿದ್ದಾರೆ. ಅದಕ್ಕೆ ಇವಳ ಎಂಟನೇ ಕ್ಲಾಸಿನ ಹುಡುಗಿಯರು ತಮ್ಮತಮ್ಮಲ್ಲೇ ಮಾತಾಡಿಕೊಂಡು ಸರದಿ ಇಟ್ಟುಕೊಂಡಿದ್ದಾರೆ. ಚಿಕ್ಕವರಿಗೆ ಸರಿಯಾಗಿ ನೀರು ಹಾಕಲು ಗೊತ್ತಾಗುವುದಿಲ್ಲ, ಅವರು ಹೋಗಿ ಬಂದ ಮೇಲೆ ಇವರು ತಮ್ಮ ಬಾಟಲಿಯ ನೀರು ಸುರಿದು ತೊಳೆಯುತ್ತಾರೆ. ಇದನ್ನೆಲ್ಲ ಹೇಳುವಾಗ ಅವಳ ತುಟಿ ಎಂದಿನಂತೆಯೇ ಒಣಗಿತ್ತು. ಹೇಳುತ್ತ ಹೇಳುತ್ತ ಅವಳಿಗೆ ಒಂದು ಥರ ಹೆಮ್ಮೆ ಬೇರೆ. ಆ ಹೆಮ್ಮೆ ನೋಡಿ ನನಗೆ ಯಾರ ಕೊರಳಪಟ್ಟಿ ಹಿಡಿಯಬೇಕೋ ತಿಳಿಯಲಿಲ್ಲ.

ಚೊಂಬು ತುಂಬ ನೀರು ಕೊಟ್ಟು, ಪೂರ್ತಿ ಕುಡಿಯುವವರೆಗೆ ಎದುರಿಗೇ ನಿಂತೆ. ಮರುದಿನ ಬೆಳಿಗ್ಗೆ ಬ್ಯಾಗಿಗೆ ಎರಡು ಬಾಟಲಿ ಹಾಕಿದೆ. ಒಂದು ನಿನಗೆ, ಇನ್ನೊಂದು ಬೇಕಾದರೆ ಸುರಿ ಎಂದೆ. ಭುಜ ಒಂದು ಕಡೆಗೆ ವಾಲಿಸಿಕೊಂಡು ಹೊರಟಳು.

ಸಂಜೆ ಎರಡೂ ಖಾಲಿ ಬಂದವು. ನಿನ್ನದನ್ನಾದರೂ ಕುಡಿದೆಯಾ ಎಂದು ಕೇಳಿದೆ. ಊಟದ ಬೆಲ್ಲಿಗೆ ಮೊದಲೇ ಒಂದನೇ ಕ್ಲಾಸಿನ ಮಕ್ಕಳೆಲ್ಲ ಒಟ್ಟಿಗೆ ಕಕ್ಕಸಿಗೆ ಬಂದುಬಿಟ್ಟರಂತೆ.