ಕಪ್ಪೆಚಿಪ್ಪಿನ ಊರಿನಲ್ಲಿ ನಾಲ್ಕು ದಿನ

ಬನಶಂಕರಿಯಲ್ಲಿ ವಿಮಾನ ನಿಲ್ದಾಣದ ಬಸ್ಸಿಗೆ ಕಾಯುತ್ತಿದ್ದಾಗ ನಮ್ಮ ಯಜಮಾನರು ಮತ್ತೆ ಅದೇ ಪ್ರಶ್ನೆ ಕೇಳಿದರು. "ಮೀನಿನ ಊರಿಗೆ ಹೋಗಿ ನೀನು ಏನ್ ತಿಂತೀಯ ಪದ್ಮ?" ನನ್ನ ಸೂಟ್‌ಕೇಸಿನ ಅರ್ಧದಷ್ಟು ಗೊಜ್ಜವಲಕ್ಕಿ, ಚಟ್ನಿಪುಡಿ, ಕೋಡುಬಳೆ ತುಂಬಿತ್ತು. ಜಯನಗರ ನಾಲ್ಕನೇ ಬ್ಲಾಕಿನಿಂದ ಅವನ್ನೆಲ್ಲ ಕಟ್ಟಿಸಿ ತಂದವರು ಅವರೇ. ಆದರೂ ಕೇಳಬೇಕು, ಅದು ಅವರ ಪ್ರೀತಿಯ ರೀತಿ. "ನೀವು ಹಾಲು ಉಕ್ಕಿಸದೆ ಇದ್ರೆ ಸಾಕು," ಎಂದು ಹೇಳಿ ಬಸ್ಸು ಹತ್ತಿದೆ.

ಈ ಪ್ರವಾಸಕ್ಕೆ ಕಾರಣ ನನ್ನ ಕಾಲೇಜು ಗೆಳತಿ ಸರಳಾ. ಮನೆ ಜೆ.ಪಿ. ನಗರದಲ್ಲಿ. ಅವಳ ವಿಷಯ ಮೀನುಗಾರಿಕೆಯ ಅರ್ಥಶಾಸ್ತ್ರ. ಜೀವಮಾನವೆಲ್ಲ ಮೀನಿನ ಬಗ್ಗೆ ಬರೆದಳು, ಒಂದು ದಿನವೂ ಮೀನು ತಿನ್ನಲಿಲ್ಲ. ಪ್ರಾಯದಲ್ಲಿ ಎರಡು ವರ್ಷ ಸ್ಪೇನಿನಲ್ಲಿ ಓದಿದ್ದರಿಂದ ಆ ಭಾಷೆ ಬರುತ್ತದೆ. ಅಲ್ಲಿನ ವಾಯವ್ಯ ಮೂಲೆಯಲ್ಲಿ ಗಲಿಸಿಯಾ ಎಂಬ ಸೀಮೆಯಿದೆ. ಅದರ ಕರಾವಳಿಯಲ್ಲಿ ಹೆಂಗಸರು ಮರಳು ಕೆದಕಿ ಕಪ್ಪೆಚಿಪ್ಪು ಆರಿಸುತ್ತಾರೆ, ನಮ್ಮ ಮಂಗಳೂರಿನವರು ಮರುವಾಯಿ ಎನ್ನುತ್ತಾರಲ್ಲ, ಅದೇ ಜಾತಿಯದು. ಒಂದು ಸಣ್ಣ ಊರಿನ ಹೆಂಗಸರ ಸಂಘ ತನ್ನ ತೀರವನ್ನು ಒಂದು ವರ್ಷ ಮುಚ್ಚಬೇಕೇ ಬೇಡವೇ ಎಂದು ತೀರ್ಮಾನಿಸಲಿತ್ತು. ನಮ್ಮ ಕರಾವಳಿಯಲ್ಲಿ ಮಳೆಗಾಲದ ಮೀನುಗಾರಿಕೆ ನಿಷೇಧ ಹೇಗೆ ನಡೆಯುತ್ತದೆ ಎಂದು ಹೇಳಲು ಸರಳಾಳನ್ನು ಕರೆದಿದ್ದರು. ಅವಳಿಗೆ ಮಂಡಿ ನೋವು. "ನೀನು ಬ್ಯಾಗ್ ಹಿಡ್ಕೊ, ನಾನು ದಾರಿ ತೋರಿಸ್ತೀನಿ," ಎಂದು ನನ್ನನ್ನು ಹೊರಡಿಸಿದ್ದಳು.

ಬಸ್ಸು ನಗರ ದಾಟುವಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಸರಳಾ ನನಗೆ ಯುರೋಪಿನ ಕಡಲ ನೀತಿಯ ಪಾಠವನ್ನೇ ಮಾಡಿಬಿಟ್ಟಳು.

"ಸಿಂಪಲ್ ಕಣೇ. ಸಮುದ್ರದಿಂದ ಇನ್ನೂ ಜಾಸ್ತಿ ಕೆಲಸ, ಜಾಸ್ತಿ ಆದಾಯ ಬರ್ಬೇಕು. ಬಂದರು, ಗಾಳಿಯಂತ್ರ, ಟೂರಿಸಂ, ಮೀನು, ಎಲ್ಲ ಬೆಳೀಬೇಕು. ಆದ್ರೆ ಸಮುದ್ರ ಬರಿದಾಗ್ಬಾರ್ದು. ನೀಲಿ ಆರ್ಥಿಕತೆ ಅಂತ ಹೆಸರು."

"ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು."

"ಹೂಂ. ಪೇಪರ್ ಮೇಲೆ ಚೆನ್ನಾಗೇ ಇರತ್ತೆ. ಕೋಲು ಯಾರ ಕೈಯಲ್ಲಿದೆ ಅನ್ನೋದು ಪ್ರಶ್ನೆ," ಎಂದವಳು ನಿದ್ದೆ ಹೋದಳು.

ದೋಹಾದಲ್ಲಿ ವಿಮಾನ ಬದಲಿಸಿ ಮ್ಯಾಡ್ರಿಡ್ ತಲುಪಿದೆವು. ಅಲ್ಲಿಂದ ಗಲಿಸಿಯಾದ ರಾಜಧಾನಿ ಸ್ಯಾಂಟಿಯಾಗೊಗೆ ರೈಲಿನಲ್ಲಿ ಮೂರೂವರೆ ಗಂಟೆಯ ದಾರಿ. ಮೊದಲು ಒಣಗಿದ ಹಳದಿ ಬಯಲು, ಆಮೇಲೆ ಸುರಂಗದ ಮೇಲೆ ಸುರಂಗ, ಕೊನೆಗೆ ಎಲ್ಲ ಕಡೆ ಹಸಿರು, ಜಿಟಿಜಿಟಿ ಮಳೆ. ಅಕ್ಟೋಬರಿನ ಚಳಿಗೆ ನನ್ನ ಸ್ವೆಟರು ಸಾಲಲಿಲ್ಲ. ಅಲ್ಲಿಂದ ಕರಾವಳಿಗೆ ಬಸ್ಸಿನಲ್ಲಿ ಒಂದೂವರೆ ಗಂಟೆ. ಬಸ್ಸಿನಲ್ಲಿ ಹಾರ್ನ್ ಸದ್ದೇ ಇರಲಿಲ್ಲ. ಬಿ.ಟಿ.ಎಂ. ಸಿಗ್ನಲ್ಲಿನಲ್ಲಿ ಆಯಸ್ಸು ಸವೆಸಿದ ನನಗೆ ಚಾಲಕನಿಗೆ ಮೈ ಸರಿಯಿಲ್ಲವೇನೋ ಎನಿಸಿತು.

ನಿಲ್ದಾಣದಲ್ಲಿ ನಮ್ಮನ್ನು ಕರೆದುಕೊಂಡು ಹೋಗಲು ಆ ಸಂಘದ ಮರೂಷಾ ಬಂದಿದ್ದರು. ನಾವು ಉಳಿದುಕೊಂಡದ್ದು ಅವರ ಮನೆಯಲ್ಲೇ. ದಪ್ಪ ಮೈ, ಕೆಂಪು ಕೆನ್ನೆ, ನನಗಿಂತ ಸ್ವಲ್ಪ ಹಿರಿಯರು. ಅಪ್ಪಿಕೊಂಡ ರಭಸಕ್ಕೆ ನನ್ನ ಕನ್ನಡಕ ಜಾರಿತು. ಅವರ ಮಾತನ್ನು ಸರಳಾ ನನಗೆ ಹೇಳುತ್ತಿದ್ದಳು. ಹಾಗಾಗಿ ನನ್ನ ಮಟ್ಟಿಗೆ ಮರೂಷಾ ಮಾತಾಡಿದ್ದೆಲ್ಲ ಜೆ.ಪಿ. ನಗರದ ಕನ್ನಡ. ರಾತ್ರಿಯ ಊಟಕ್ಕೆ ಬೇಯಿಸಿದ ಆಲೂಗಡ್ಡೆ, ಎಣ್ಣೆಯಲ್ಲಿ ಬಾಡಿಸಿದ ಸಣ್ಣ ಹಸಿರು ಮೆಣಸಿನಕಾಯಿ, ಗಟ್ಟಿ ಬ್ರೆಡ್ಡು ಇತ್ತು. ನಾನು ಅದಕ್ಕೆ ಚಟ್ನಿಪುಡಿ ಉದುರಿಸಿಕೊಂಡೆ. ಮರೂಷಾ ಬೆರಳಿನಲ್ಲಿ ಒಂದಿಷ್ಟು ನೆಕ್ಕಿ ನೋಡಿದರು, ಕಣ್ಣಲ್ಲಿ ನೀರು ಬಂತು, ಆದರೂ ಮತ್ತೆ ಕೈ ಚಾಚಿದರು. ಆ ಗಳಿಗೆಯಿಂದ ನನಗೆ ಅವರು ನಮ್ಮವರಾದರು.

ಮಾರನೆಯ ಬೆಳಿಗ್ಗೆ ತೀರಕ್ಕೆ ಹೋದೆವು. ಕಡಲು ಅಷ್ಟು ದೂರ ಹಿಂದೆ ಸರಿಯುವುದನ್ನು ನಾನು ಕಂಡಿರಲಿಲ್ಲ. ಹಾಸಿದ ಬೂದು ಮರಳಿನ ಮೇಲೆ ರಬ್ಬರ್ ಬೂಟು ಹಾಕಿದ ಹೆಂಗಸರು ಬಗ್ಗಿ ಕುಂಟೆಯಂಥ ಹಲ್ಲುಗೋಲಿನಿಂದ ಕೆದಕುತ್ತಿದ್ದರು. ಸಿಕ್ಕಿದ ಚಿಪ್ಪನ್ನು ಒಂದು ಅಳತೆಯ ಕಂಡಿಗೆ ಹಿಡಿಯುತ್ತಾರೆ. ಅದರಲ್ಲಿ ತೂರಿಹೋದರೆ ಅದು ಮರಿ, ವಾಪಸ್ ಮರಳಿಗೆ. ಒಬ್ಬೊಬ್ಬರಿಗೆ ದಿನಕ್ಕೆ ಇಷ್ಟೇ ಎಂಬ ಮಿತಿಯೂ ಇದೆ. ಕಳ್ಳತನದಲ್ಲಿ ಆರಿಸುವವರನ್ನು ತಡೆಯಲು ಹೆಂಗಸರೇ ಸರದಿಯಲ್ಲಿ ಕಾವಲು ಕಾಯುತ್ತಾರೆ. ಇಷ್ಟೆಲ್ಲ ಮಾಡಿದರೂ ಚಿಪ್ಪು ಕಡಿಮೆಯಾಗುತ್ತಲೇ ಇತ್ತು. ಕಡಲು ಬಿಸಿಯಾಗುತ್ತಿದೆ, ಅಕಾಲದ ಮಳೆಯಿಂದ ಹೊಳೆಯ ಸಿಹಿನೀರು ನುಗ್ಗಿ ಮರಿಗಳು ಸಾಯುತ್ತಿವೆ ಎಂದು ಸರಳಾ ವಿವರಿಸಿದಳು. ಒಂದು ವರ್ಷ ಯಾರೂ ಕೈ ಹಾಕದಿದ್ದರೆ ಉಳಿದ ಮರಿಗಳು ದೊಡ್ಡವಾಗುತ್ತವೆ. ಆ ವರ್ಷಕ್ಕೆ ಯುರೋಪಿನ ನಿಧಿಯಿಂದ ಒಂದಿಷ್ಟು ಪರಿಹಾರವೂ ಇದೆ, ಆದರೆ ಅದರಲ್ಲಿ ಮನೆ ನಡೆಯುವುದು ಕಷ್ಟ.

ಮರೂಷಾರ ಸಂಕಟ ಬೇರೆ. ಬರುವ ವಸಂತದಲ್ಲಿ ಅವರಿಗೆ ನಿವೃತ್ತಿ. ಮಾರನೆಯ ದಿನದ ಸಭೆಯಲ್ಲಿ ತೀರ ಮುಚ್ಚುವುದೆಂದಾದರೆ, ಮತ್ತೆ ತೆರೆಯುವ ಹೊತ್ತಿಗೆ ಅವರ ಪರವಾನಗಿ ಇರುವುದಿಲ್ಲ. ಅಂದರೆ ಆ ದಿನದ ಕೆಲಸವೇ ಕೊನೆಯದಾಗುತ್ತಿತ್ತು. ಅವರ ತಾಯಿಯೂ ಅದೇ ಮರಳಿನಲ್ಲಿ ದುಡಿದವರು.

"ನೀವು ಯಾವ ಕಡೆ?" ಎಂದು ನಾನೇ ಬಾಯಿ ಬಿಟ್ಟು ಕೇಳಿದೆ. ಬೆಂಗಳೂರಿನವರಿಗೆ ಬೇರೆಯವರ ಮನೆಯ ವಿಷಯ ಕೇಳದಿದ್ದರೆ ತಿಂದದ್ದು ಅರಗುವುದಿಲ್ಲ.

"ನಂಗೂ ಗೊತ್ತಿಲ್ಲ," ಎಂದರು ಮರೂಷಾ, ಸರಳಾಳ ಬಾಯಿಂದ. "ನಾಳೆ ಕೈ ಎತ್ತೋ ಹೊತ್ತಿಗೆ ಕೈಯನ್ನೇ ಕೇಳ್ತೀನಿ."

ಅಂದು ಸಂಜೆ ಅವರು ನನ್ನ ಕೈಗೆ ಒಂದು ಬಲೆಚೀಲ ಕೊಟ್ಟರು. ಒಳಗೆ ದಪ್ಪ ದಪ್ಪ ಚಿಪ್ಪುಗಳು. ಆ ದಿನ ಆರಿಸಿದ್ದರಲ್ಲಿ ಮನೆಗೆಂದು ಬಿಟ್ಟುಕೊಂಡವು, ನಾಳೆ ಮಧ್ಯಾಹ್ನ ನಮಗಾಗಿ ಅಡುಗೆ ಮಾಡುತ್ತಾರಂತೆ. ನಾನು ಗಾಬರಿಯಿಂದ ಸರಳಾಳ ಮುಖ ನೋಡಿದೆ. "ಮಾಂಸ ತಿನ್ನಲ್ಲ ಅಂತ ಹೇಳಿದೀನಿ ಕಣೇ. ಇದು ಮಾಂಸ ಅಲ್ವಲ್ಲ, ಚಿಪ್ಪು ತಾನೆ ಅಂತಾರೆ. ನಾಳೆ ನಿಧಾನಕ್ಕೆ ಹೇಳೋಣ," ಎಂದಳು. ಮರೂಷಾ ಚಿಪ್ಪುಗಳನ್ನು ಒಂದು ಬೋಗುಣಿ ಉಪ್ಪುನೀರಿಗೆ ಹಾಕಿ ಅಡುಗೆಮನೆಯಲ್ಲಿಟ್ಟರು. ಒಳಗಿನ ಮರಳು ಕಕ್ಕಲಿ ಎಂದು.

ಬೆಳಗಿನ ಜಾವ ಕಾಫಿ ಕಾಸಿಕೊಳ್ಳಲು ಅಡುಗೆಮನೆಗೆ ಹೋದೆ. ಬೋಗುಣಿಯಿಂದ ಚಿಲ್ಲೆಂದು ನೀರು ಚಿಮ್ಮಿ ನನ್ನ ಕೈಗೆ ಬಿತ್ತು. ನೋಡಿದರೆ ಚಿಪ್ಪುಗಳೆಲ್ಲ ಬಾಯಿ ತೆರೆದು ಸಣ್ಣ ನಾಲಿಗೆಯಂಥದನ್ನು ಹೊರಗೆ ಚಾಚಿವೆ. ಅಷ್ಟೂ ಜೀವಂತ! ಶೃಂಗೇರಿಗೆ ಹೋದಾಗಲೆಲ್ಲ ತುಂಗೆಯ ಮೀನುಗಳಿಗೆ ಪುರಿ ಹಾಕಿ ಕೈ ಮುಗಿದವಳು ನಾನು. ನನ್ನ ಹೆಸರಿನಲ್ಲಿ ಇಷ್ಟು ಜೀವ ಬೇಯಬೇಕೆ? ಕಡಲು ಮನೆಯ ಮುಂದೆಯೇ ಇತ್ತು. ಹೆಚ್ಚು ಯೋಚಿಸಲಿಲ್ಲ. ಸ್ವೆಟರಿನ ಮೇಲೆ ಶಾಲು ಹೊದ್ದು, ಬೋಗುಣಿ ಸೊಂಟಕ್ಕಿಟ್ಟುಕೊಂಡು, ನೀರಿಗೆ ಹೋಗುವ ಹಾಗೆ ಹೊರಟೆ.

ನೀರು ಇಳಿಯುತ್ತಿತ್ತು, ಬೆಳಕು ಇನ್ನೂ ಮಸುಕು. ಒದ್ದೆ ಮರಳಿನ ಮೇಲೆ ಬೋಗುಣಿ ಬಗ್ಗಿಸಿ, "ಹೋಗ್ರಪ್ಪ, ನಿಮ್ಮ ಮನೆಗೆ ಹೋಗಿ," ಎಂದೆ. ಅವು ಹೋಗಲಿಲ್ಲ, ಗುಡ್ಡೆಯಾಗಿ ಬಿದ್ದಿದ್ದವು. ಬಗ್ಗಿ ಕೈಯಿಂದ ಹರಡುತ್ತಿದ್ದಾಗ ಹಿಂದಿನಿಂದ ಸೀಟಿ ಕೇಳಿತು. ಹಳದಿ ಅಂಗಿ ತೊಟ್ಟ ಇಬ್ಬರು ಹೆಂಗಸರು ಓಡಿ ಬರುತ್ತಿದ್ದರು. ಕಾವಲಿನವರು! ಕೈಯಲ್ಲಿ ಬೋಗುಣಿ, ಕಾಲ ಬಳಿ ಚಿಪ್ಪಿನ ರಾಶಿ, ಹೊತ್ತಲ್ಲದ ಹೊತ್ತು. ಒಬ್ಬಾಕೆ ನನ್ನ ರಟ್ಟೆ ಹಿಡಿದರು. ನಾನು "ವೆಜಿಟೇರಿಯನ್, ವೆಜಿಟೇರಿಯನ್" ಎಂದೆ. ಕಪ್ಪೆಚಿಪ್ಪು ಕದಿಯುತ್ತಾ ಸಿಕ್ಕಿಬಿದ್ದವಳ ಬಾಯಲ್ಲಿ ಆ ಮಾತು ಏನು ಬೆಲೆ ಬಾಳೀತು? ಜಯನಗರದ ನಮ್ಮ ಬೀದಿಯ ಹೂವಿನವಳು ಈ ಸ್ಥಿತಿಯಲ್ಲಿ ನನ್ನನ್ನು ಕಂಡಿದ್ದರೆ ಮನೆ ಖಾಲಿ ಮಾಡಿಕೊಂಡು ತಲಘಟ್ಟಪುರದಾಚೆ ಹೋಗಬೇಕಾಗುತ್ತಿತ್ತು.

ಸೀಟಿ ಸದ್ದಿಗೆ ಮರೂಷಾ ಮನೆಯ ಚಪ್ಪಲಿಯಲ್ಲೇ ಬಂದರು, ಹಿಂದೆ ಕುಂಟುತ್ತ ಸರಳಾ. ನಾನು ಸರಳಾಳಿಗೆ ಎಲ್ಲ ಹೇಳಿದೆ. ಅವಳು ಹಣೆ ಚಚ್ಚಿಕೊಂಡು ಅವರಿಗೆ ಹೇಳಿದಳು. ಕಾವಲಿನ ಹೆಂಗಸರು ಮೊಣಕಾಲು ಹಿಡಿದುಕೊಂಡು ನಕ್ಕರು. ಕದಿಯುವವರನ್ನು ಹಿಡಿದಿದ್ದಾರಂತೆ, ವಾಪಸ್ ಕೊಡಲು ಬಂದ ಕಳ್ಳಿಯನ್ನು ಹಿಡಿದದ್ದು ಇದೇ ಮೊದಲಂತೆ.

ಮರೂಷಾ ಮಾತ್ರ ನಗಲಿಲ್ಲ. ಚಿಪ್ಪುಗಳನ್ನೇ ನೋಡುತ್ತ ನಿಂತಿದ್ದರು. ಆಗ ನನಗೆ ಹೊಳೆಯಿತು. ಇವು ಅವರ ಕೊನೆಯ ದಿನದ ದುಡಿಮೆ ಇರಬಹುದು. ಅದನ್ನು ನಮಗೆ ಬಡಿಸಬೇಕೆಂದಿದ್ದರು. ನಾನೋ, ಪುಣ್ಯ ಕಟ್ಟಿಕೊಳ್ಳುವ ಆತುರದಲ್ಲಿ ಅನ್ನ ಇಕ್ಕುವ ಕೈಯನ್ನು ಕೇಳದೆ ಎಲೆ ಮಡಚಿದ್ದೆ. ಭೂಮಿ ಬಾಯ್ಬಿಡಬಾರದೇ ಎನಿಸಿತು.

"ಕ್ಷಮಿಸಿ ಅಂತ ಹೇಳೇ," ಎಂದೆ ಸರಳಾಳಿಗೆ.

ಮರೂಷಾ ಕೈ ಅಡ್ಡ ಆಡಿಸಿದರು. ಆಮೇಲೆ ಮಂಡಿಯೂರಿ ಕುಳಿತು ಒಂದು ಚಿಪ್ಪು ಎತ್ತಿಕೊಂಡರು. "ಹಿಂಗೆ ಸುರಿದ್ರೆ ಹಕ್ಕಿ ತಿಂದ್ಬಿಡತ್ತೆ ಅಂತಾರೆ," ಎಂದಳು ಸರಳಾ. "ಒಳಗೆ ಊರಬೇಕಂತೆ." ಮರೂಷಾ ಮರಳಿನಲ್ಲಿ ಹೆಬ್ಬೆರಳಿನಿಂದ ಕುಳಿ ಮಾಡಿ ಚಿಪ್ಪನ್ನು ಇಟ್ಟು ಒತ್ತಿದರು. ನಾನೂ ಅವರ ಪಕ್ಕದಲ್ಲಿ ಕುಳಿತೆ. ಒಂದನ್ನು ತಲೆಕೆಳಗಾಗಿ ಊರಿದಾಗ ನನ್ನ ಕೈ ಮೇಲೆ ಸಣ್ಣಗೆ ಹೊಡೆದು ತಿದ್ದಿದರು. ಹಾಗೆ ಒಂದೊಂದಾಗಿ ಎಲ್ಲವನ್ನೂ ಊರಿ ಮುಗಿಸಿದೆವು. ಎದ್ದಾಗ ಅವರು ಮಂಡಿಗೆ ಅಂಟಿದ್ದ ಮರಳು ಕೊಡವಿ ಒಂದು ಮಾತು ಹೇಳಿದರು.

"ಏನಂತೆ?" ಎಂದೆ.

"ಇಷ್ಟು ವರ್ಷ ಇಲ್ಲಿಂದ ತೆಗ್ದಿದ್ದೇ ತೆಗ್ದಿದ್ದು, ದೊಡ್ಡದೊಂದನ್ನ ಕೈಯಾರೆ ಇಟ್ಟಿದ್ದು ಇವತ್ತೇ ಅಂತಾರೆ ಕಣೇ."

ಸಭೆ ಅಂದು ಸಂಜೆ ಬಂದರಿನ ಪಕ್ಕದ ಸಭಾಂಗಣದಲ್ಲಿ ನಡೆಯಿತು. ಕುಮಾರಸ್ವಾಮಿ ಲೇಔಟಿನ ನಮ್ಮ ಅಕ್ಕನ ಬೀದಿಯಲ್ಲಿ ಪಾರ್ಕಿಂಗ್ ಬಗ್ಗೆ ಸಭೆ ಸೇರಿದಾಗಿನ ಗದ್ದಲವೇ ಇಲ್ಲಿಯೂ ಇತ್ತು. ಎಲ್ಲರೂ ಒಟ್ಟಿಗೆ ಮಾತಾಡುವುದು, ಯಾರೂ ಕೇಳದಿರುವುದು. ಸರಳಾ ನಮ್ಮ ಕರಾವಳಿಯ ಕಥೆ ಹೇಳಿದಳು. ಮಳೆಗಾಲದಲ್ಲಿ ಯಾಂತ್ರಿಕ ದೋಣಿಗಳು ದಡ ಸೇರುವುದು, ಆ ತಿಂಗಳುಗಳಲ್ಲಿ ಮೀನು ಮೊಟ್ಟೆಯಿಡುವುದು, ಜನ ಬಲೆ ಹೆಣೆಯುತ್ತ ಕಾಯುವುದು. ಒಬ್ಬ ತರುಣಿ ಎದ್ದು, ಆಗ ಅವರು ಏನು ತಿನ್ನುತ್ತಾರೆ ಎಂದು ಕೇಳಿದಳು. ಸರಳಾ ತಡವರಿಸಲಿಲ್ಲ. "ಕಷ್ಟ ಪಡ್ತಾರೆ ಅಂತಲೇ ಹೇಳ್ದೆ," ಎಂದಳು ಆಮೇಲೆ ನನಗೆ. "ಸುಳ್ಳು ಹೇಳಿ ಕೈ ಎತ್ತಿಸಿದ್ರೆ ಅದು ನೀತಿ ಆಗಲ್ಲ."

ಮುಚ್ಚುವುದಕ್ಕೆ ಒಪ್ಪುವವರು ಕೈ ಎತ್ತಿ ಎಂದು ಸಂಘದವರು ಕೂಗಿದರು. ಮುಂದಿನ ಸಾಲಿನಲ್ಲಿ ಕೆಲವು ಕೈ ಎದ್ದವು. ಆ ತರುಣಿ ಕೈ ಕಟ್ಟಿಕೊಂಡು ಮರೂಷಾರನ್ನೇ ನೋಡುತ್ತಿದ್ದಳು. ಅವಳೊಬ್ಬಳೇ ಅಲ್ಲ, ಎಷ್ಟೋ ಜನ ಅವರತ್ತ ತಿರುಗಿದ್ದರು. ಯಾರಿಗೆ ಹೆಚ್ಚು ನಷ್ಟ ಎಂದು ಎಲ್ಲರಿಗೂ ಗೊತ್ತಿತ್ತು. ಮರೂಷಾ ಬಹಳ ಹೊತ್ತು ನೆಲ ನೋಡಿದರು. ಆಮೇಲೆ ಬಲಗೈ ಎತ್ತಿದರು. ಇನ್ನೊಂದು ಕೈಯಿಂದ ಮೊಣಕೈಗೆ ಆಸರೆ ಕೊಟ್ಟುಕೊಂಡರು. ತರುಣಿಯ ಕೈ ಎದ್ದಿತು, ಅವಳ ಹಿಂದಿನ ಸಾಲಿನಲ್ಲೂ ಎದ್ದವು. ತೀರ ಮುಚ್ಚಿತು. ನಾನು ಅತ್ತೆ, ಸರಳಾಳೂ ಅತ್ತಳು. ಮರೂಷಾ ಅಳಲಿಲ್ಲ, ನಮಗೆ ಕರವಸ್ತ್ರ ಕೊಟ್ಟರು.

ನಾಲ್ಕನೆಯ ದಿನ ಬೆಳಿಗ್ಗೆ ಅವರು ನಮ್ಮನ್ನು ಬಸ್ಸಿಗೆ ಬಿಡಲು ಬರಲಿಲ್ಲ. ಬಾಗಿಲಲ್ಲೇ ಅಪ್ಪಿಕೊಂಡು, ಕೆಲಸವಿದೆ ಎಂದು ಅವಸರದಲ್ಲಿ ಹೋದರು. ಇನ್ನೇನು ಕೆಲಸ ಎಂದು ನಮಗೆ ಅರ್ಥವಾಗಲಿಲ್ಲ. ಬಸ್ಸು ಕಡಲ ಪಕ್ಕದ ರಸ್ತೆಯಲ್ಲಿ ತಿರುಗಿದಾಗ ಖಾಲಿ ಮರಳಿನ ಮೇಲೆ ಅವರೊಬ್ಬರೇ ಕಂಡರು. ಕೈಯಲ್ಲಿ ಹಲ್ಲುಗೋಲಿಲ್ಲ, ಬಕೆಟ್ಟಿಲ್ಲ. ಹಳದಿ ಅಂಗಿ, ಕೊರಳಲ್ಲಿ ಸೀಟಿ. ತೀರ ಮುಚ್ಚಿದ ಮೊದಲ ದಿನದ ಕಾವಲನ್ನು ತಾವೇ ಕೇಳಿ ಪಡೆದಿದ್ದರು.

ನಾವಿಬ್ಬರೂ ಕಿಟಕಿಗೆ ಮುಖ ಒತ್ತಿದೆವು. ಮರೂಷಾ ಜೋರಾಗಿ ಕೈ ಬೀಸಿದರು. ನಾನು ಎದ್ದು ನಿಂತು ಎರಡೂ ಕೈ ಬೀಸಿದೆ. ಆಮೇಲೆ ನೋಡಿದರೆ ಅವರು ಬಸ್ಸಿನ ಕಡೆ ತಿರುಗಿಯೇ ಇರಲಿಲ್ಲ. ಮರಳು ಕುಕ್ಕುತ್ತಿದ್ದ ಬಿಳಿ ಹಕ್ಕಿಗಳನ್ನು ಓಡಿಸುತ್ತಿದ್ದರು.