ನನ್ನ ಸಹಿಯಿದ್ದ ಚೀಟಿ

ಇಂಥ ಕತೆಯನ್ನು ಬೇರೆ ಯಾರಾದರೂ ಹೇಳಿದ್ದರೆ, ಮರೆತಿರಬೇಕು ಬಿಡು ಮಾರಾಯ ಎಂದು ನಾನೇ ನಕ್ಕುಬಿಡುತ್ತಿದ್ದೆ. ಒಣಗಿಸಿದ ಗಿಡಗಳ ನಡುವೆ ಇಪ್ಪತ್ತು ವರ್ಷ ಕಳೆದವನಿಗೆ ವಿಚಿತ್ರಗಳಲ್ಲಿ ನಂಬಿಕೆ ಎಲ್ಲಿಂದ ಬರಬೇಕು? ಈಗಲೂ ಬಂದಿದೆ ಎನ್ನಲಾರೆ.

ಗಿಡವೊಂದಕ್ಕೆ ಹೆಸರಿಟ್ಟವರು ಆ ಹೆಸರಿಗೆ ಆಧಾರವಾಗಿ ಒಣಗಿದ ಮಾದರಿಯೊಂದನ್ನು ಹಾಳೆಗೆ ಅಂಟಿಸಿ ಇಟ್ಟಿರುತ್ತಾರೆ. ಆ ಮೂಲ ಹಾಳೆ ಎಲ್ಲೂ ಉಳಿದಿಲ್ಲವೆಂದು ಖಚಿತವಾದರೆ ಮಾತ್ರ ಬೇರೊಂದನ್ನು ಅದರ ಸ್ಥಾನಕ್ಕೆ ಆರಿಸಬಹುದು. ಕಾಡುಶುಂಠಿಯ ಒಂದು ಹೆಸರಿಗೆ ಹೀಗೆ ಆರಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮೈಸೂರು ಕಡೆಯವನಾದ ನಾನು ಕೊಚ್ಚಿಯ ಒಂದು ಕಾಲೇಜಿನಲ್ಲಿ ಮೇಷ್ಟ್ರು. ಜೊತೆಗೆ ನನ್ನ ಸಂಶೋಧನಾ ವಿದ್ಯಾರ್ಥಿನಿ ಸುಮನಾ, ಕಾಸರಗೋಡಿನವಳು; ಮೇಷ್ಟ್ರನ್ನು ಅವರ ಕಡೆಯ ರೂಢಿಯಂತೆ 'ಮಾಷೇ' ಎನ್ನುತ್ತಿದ್ದಳು. ಕೊಚ್ಚಿಯ ವೈಟ್ಟಿಲ ನಿಲ್ದಾಣದಲ್ಲಿ ಬಸ್ಸು ಹತ್ತಿ ತಿರುವನಂತಪುರಕ್ಕೆ ಹೋಗಿ, ಆ ಹಾಳೆ ಉಳಿದಿರಬಹುದಾದ ಒಂದೇ ಜಾಗವಾಗಿದ್ದ ಅಲ್ಲಿನ ಹಳೆಯ ಸಂಗ್ರಹಾಲಯವೊಂದರ ಕಪಾಟುಗಳನ್ನು ಎರಡು ದಿನ ಜಾಲಾಡಿದೆವು. ಮೂಲ ಹಾಳೆ ಸಿಗಲಿಲ್ಲ. ಕೊನೆಗೆ ನಾನೇ ಕಾಡಿನಿಂದ ತಂದಿದ್ದ ಗಿಡವನ್ನು ಆ ಸ್ಥಾನಕ್ಕೆ ಆರಿಸಿ, ಇಬ್ಬರ ಹೆಸರಿನಲ್ಲೂ ಪ್ರಕಟಿಸಿದೆ. ಹೆಮ್ಮೆಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಮೂರು ವರ್ಷದ ನಂತರ ಅಲ್ಲಿಂದಲೇ ಫೋನು ಬಂತು. ನಾವು ತಡಕಾಡಿದ ಅದೇ ಕಪಾಟಿನ ಅದೇ ಫೋಲ್ಡರಿನಲ್ಲಿ ಮೂಲ ಹಾಳೆ ಸಿಕ್ಕಿದೆಯಂತೆ. ಇಬ್ಬರೂ ಓಡಿದೆವು. ಹಾಳೆಯನ್ನು ಪರೀಕ್ಷಿಸಿದವರು ಅದರ ಮೇಲೆ ತಮ್ಮ ಹೆಸರು, ತಾರೀಕು ಬರೆದ ಚೀಟಿ ಅಂಟಿಸುವುದು ನಮ್ಮಲ್ಲಿ ರೂಢಿ. ಈ ಹಾಳೆಯ ಮೇಲೂ ಒಂದು ಚೀಟಿ ಇತ್ತು. ಇದೇ ಮೂಲ ಮಾದರಿ ಎಂದು ನನ್ನ ಅಕ್ಷರದಲ್ಲಿ ಬರೆದಿತ್ತು. ಕೆಳಗೆ ನನ್ನ ಸಹಿ, ನಾವು ಹುಡುಕಿದ ಎರಡನೆಯ ದಿನದ ತಾರೀಕು.

ಆ ಹಾಳೆಯನ್ನು ನಾನು ಅದುವರೆಗೆ ಕಂಡೇ ಇರಲಿಲ್ಲ.

ಸುಮನಾ ಚೀಟಿಯನ್ನು ಎರಡೆರಡು ಸಲ ಓದಿದಳು. "ಆ ದಿವಸ ನಾನು ಊಟಕ್ಕೆ ಹೋದಾಗ ನೀವೊಬ್ಬರೇ ಇದ್ದದ್ದಲ್ವಾ ಮಾಷೇ?" ಎಂದು ಕೇಳಿದಳು.

"ನಾನು ಬರೆದಿದ್ದಲ್ಲಮ್ಮ," ಎಂದೆ.

"ಹಾಗಾದ್ರೆ ಯಾರು ಬರ್ದದ್ದು ಮಾಷೇ?"



ತನ್ನ ಗಿಡವನ್ನು ಮೆರೆಸಲು ಮೂಲವನ್ನೇ ಮುಚ್ಚಿಟ್ಟ ಎಂದು ನಮ್ಮವರಲ್ಲೆಲ್ಲ ಸುದ್ದಿಯಾಯಿತು. ಮುಚ್ಚಿಡುವವನು ಸಹಿ ಹಾಕಿ ಚೀಟಿ ಅಂಟಿಸುತ್ತಾನೆಯೇ ಎಂದು ಕೇಳಿದರೆ ನಗುತ್ತಾರೆ. ಅವರ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ. ಆ ನಗುವನ್ನಾದರೂ ನುಂಗಿಕೊಳ್ಳಬಹುದಿತ್ತು. ಸುಮನಾ ಬೇರೆ ಮಾರ್ಗದರ್ಶಕರ ಬಳಿ ಹೋದದ್ದನ್ನು ನುಂಗಲಾಗಲಿಲ್ಲ.

ನಮ್ಮ ಲೇಖನದ ತಿದ್ದುಪಡಿಯನ್ನು ಅವಳೊಬ್ಬಳೇ ಬರೆದಳು. ಮೂಲ ಹಾಳೆಯನ್ನು ಮೊದಲು ಗುರುತಿಸಿದವರು ಯಾರು ಎಂಬಲ್ಲಿ ನನ್ನ ಹೆಸರನ್ನೂ ಆ ತಾರೀಕನ್ನೂ ನಮೂದಿಸಿದ್ದಾಳೆ. ತಪ್ಪೇನಿಲ್ಲ. ಹಾಳೆಯ ಮೇಲೆ ಇರುವುದನ್ನಷ್ಟೇ ನಂಬಬೇಕು, ಮನುಷ್ಯರ ನೆನಪನ್ನಲ್ಲ ಎಂದು ಅವಳಿಗೆ ಕಲಿಸಿದವನು ನಾನೇ. ಅವಳು ಊಟ ಮುಗಿಸಿ ಬರುವವರೆಗಿನ ಆ ಅರ್ಧ ಗಂಟೆ ನಾನೇನು ಮಾಡುತ್ತಿದ್ದೆ ಎಂಬುದು ಮಾತ್ರ ಇವತ್ತಿಗೂ ನನಗೆ ಗೊತ್ತಿಲ್ಲ.