ಅರವತ್ತೊಂದನೇ ಕಲ್ಲಿನ ಅಪವಾದ

ಹೆದ್ದಾರಿ ಗುಡಿಸುವ ತಂಡದಲ್ಲಿ ಅವಳನ್ನು ಎಲ್ಲರೂ ಗಾಜಕ್ಕ ಎಂದೇ ಕರೆಯುತ್ತಿದ್ದರು. ಯಾವ ವಾಹನ ನುಜ್ಜುಗುಜ್ಜಾದರೂ, ಕ್ರೇನಿನವರು ಅದನ್ನು ಎಳೆದೊಯ್ದ ಮೇಲೆ ಉಳಿಯುವ ಗಾಜನ್ನು ಗುಡಿಸಿ ಚೀಲಕ್ಕೆ ತುಂಬುವುದು ಹದಿನಾಲ್ಕು ವರ್ಷಗಳಿಂದ ಅವಳ ಪಾಲಿನ ಕೆಲಸ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅಂಕಿಗಳನ್ನು ಕಲಿತದ್ದು ದೀಪದ ಕಂಬಗಳ ಮೇಲೆ ಬಿಳಿ ಬಣ್ಣದಲ್ಲಿ ಬರೆದಿದ್ದ ಸಂಖ್ಯೆಗಳಿಂದ. ಅಕ್ಷರಗಳನ್ನು ಕಲಿತದ್ದು ಎಚ್ಚರಿಕೆಯ ಫಲಕಗಳಿಂದ. ಹಾಗಾಗಿ ಅವಳು ಓದಿ ಬರೆಯಲು ಕಲಿತ ಮೊದಲ ಪದ ‘ನಿಧಾನ’.

ಗಾಜಿನ ವಿಷಯದಲ್ಲಿ ಮಾತ್ರ ಅವಳಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಹಿಡಿತ ತಪ್ಪಿದ ವಾಹನ ಮೊದಲು ತಡೆಬೇಲಿಯನ್ನು ಸವರುತ್ತದೆ. ಅಲ್ಲಿ ಬೀಳುವುದು ಪಕ್ಕದ ಕನ್ನಡಿಯ ಚೂರು. ಸ್ವಲ್ಪ ಮುಂದೆ ದೀಪದ ಗಾಜು. ಕೊನೆಗೆ, ಮಗುಚಿಕೊಂಡ ಜಾಗದಲ್ಲಿ, ಕಿಟಕಿಯ ಗಾಜಿನ ಹರಳು. ವಾಹನ ಬೀಳುವ ಜಾಗ ಬೇರೆ, ಕೈತಪ್ಪುವ ಜಾಗ ಬೇರೆ ಎಂಬುದು ಪೊರಕೆ ಹಿಡಿದವಳಿಗೆ ತಿಳಿದಿತ್ತು. ಪೆನ್ನು ಹಿಡಿದವರಿಗೆ ತಿಳಿದಿರಲಿಲ್ಲ.

ಆ ಹೆದ್ದಾರಿಯಲ್ಲಿ ಅರವತ್ತೊಂದನೇ ಕಿಲೋಮೀಟರ್ ಕಲ್ಲು ಕುಖ್ಯಾತವಾಗಿತ್ತು. ಮೂರು ವರ್ಷಗಳಲ್ಲಿ ಅಲ್ಲಿ ಇಪ್ಪತ್ತೊಂಬತ್ತು ಅಪಘಾತಗಳು. ಲಾರಿ ಚಾಲಕರು ಆ ಜಾಗವೇ ಸರಿಯಿಲ್ಲ ಎಂದರು. ಪದವಿ ಪಡೆದ ಮಹನೀಯರು ನೆಲದೊಳಗೆ ಅಯಸ್ಕಾಂತವಿದೆ ಎಂದರು. ಹೆದ್ದಾರಿ ಕಚೇರಿಯವರು ಕಲ್ಲಿನ ಹಿಂದೆ ಮುಂದೆ ಮೂರು ಫಲಕ ನೆಟ್ಟು, ಹಳದಿ ದೀಪ ಮಿನುಗಿಸಿ, ಕೈ ತೊಳೆದುಕೊಂಡರು. ವಾಸ್ತವದಲ್ಲಿ ಆ ಕಲ್ಲಿನ ಅಪರಾಧವೆಂದರೆ, ಅದರ ಪಕ್ಕದಲ್ಲಿ ರಸ್ತೆಯ ಅಂಚು ಅಗಲವಾಗಿದ್ದುದು ಅಷ್ಟೇ. ಗಸ್ತಿನ ಪೇದೆಗೆ ಜೀಪು ನಿಲ್ಲಿಸಲು ಆ ಸುತ್ತಿನಲ್ಲಿ ಬೇರೆ ಜಾಗವಿರಲಿಲ್ಲ. ಅಪಘಾತ ಎಲ್ಲೇ ಆಗಿರಲಿ, ಅವನು ಅಲ್ಲಿ ಜೀಪು ನಿಲ್ಲಿಸಿ, ಸೀಟಿನಿಂದ ಇಳಿಯದೆ, ಎದುರಿಗೆ ಕಂಡ ಕಲ್ಲಿನ ಸಂಖ್ಯೆಯನ್ನೇ ಫಾರಮ್ಮಿಗೆ ಇಳಿಸುತ್ತಿದ್ದ.

ಗಾಜಕ್ಕ ಇದನ್ನೆಲ್ಲ ಕಂಡೂ ಮೂಗು ಮುರಿದು ಸುಮ್ಮನಿದ್ದಳು. ಆದರೆ ಮೂವತ್ತನೇ ಅಪಘಾತ ಅವಳ ತಮ್ಮನದಾಯಿತು.

ತಾಯಿಯಿಲ್ಲದ ಆ ತಮ್ಮನನ್ನು ಸಾಕಿ ಬೆಳೆಸಿದವಳು ಅವಳೇ. ತುಂತುರು ಮಳೆಯ ಒಂದು ಮುಂಜಾನೆ ಅವನ ಲಾರಿ ಮಗುಚಿತು, ಜೀವಕ್ಕೇನೂ ಆಗಲಿಲ್ಲ. ‘ಸ್ಥಳ: ಅರವತ್ತೊಂದು. ಕಾರಣ: ಚಾಲಕನ ನಿದ್ದೆ’ ಎಂದು ಪೇದೆ ಬರೆದುಕೊಟ್ಟ. ತನಿಖೆ ಮುಗಿದ ಕೂಡಲೇ ಲೈಸೆನ್ಸು ರದ್ದಾಗುವುದು ಖಚಿತವಾಗಿತ್ತು.

“ಅತ್ತಿಗೆ, ನೀವೇ ಸ್ವಲ್ಪ ಕೇಳಿ. ಎರಡು ದಿನದಿಂದ ಗೋಡೆ ನೋಡ್ಕೊಂಡು ಕೂತಿದ್ದಾರೆ,” ಎಂದಳು ತಮ್ಮನ ಹೆಂಡತಿ.

ಗಾಜಕ್ಕ ತಮ್ಮನ ಎದುರಿಗೆ ಕುಳಿತಳು. “ನಿದ್ದೆ ಮಾಡಿದ್ಯೇನೋ?”

“ಇಲ್ಲಕ್ಕ. ಸ್ಟೇರಿಂಗ್ ಕೈಯಲ್ಲೇ ಇತ್ತು, ಗಾಡಿ ಮಾತ್ರ ಮಾತು ಕೇಳ್ಲಿಲ್ಲ. ಬೆಣ್ಣೆ ಮೇಲೆ ಓಡಿಸ್ದಂಗಾಯ್ತು.”

“ಎಲ್ಲಿ?”

“ಸೇತುವೆ ದಾಟಿದ ತಕ್ಷಣ. ಬಿದ್ದಿದ್ದು ಆಮೇಲೆ.”

“ಅದನ್ನ ಪೊಲೀಸಿನೋನಿಗೆ ಹೇಳೋಕೇನಾಗಿತ್ತು ನಿಂಗೆ?”

“ಹೇಳ್ದೆ. ಅಷ್ಟೆಲ್ಲ ಬರೆಯೋಕೆ ಫಾರಮ್ಮಲ್ಲಿ ಜಾಗ ಇಲ್ಲ ಅಂದ.”

ಗಾಜಕ್ಕನಿಗೆ ಅಷ್ಟು ಸಾಕಾಯಿತು. ಸೇತುವೆ ದಾಟಿದ ತಕ್ಷಣ ಸಿಗುವುದು ಮುನ್ನೂರ ಹದಿನೆಂಟನೇ ಕಂಬ. ಕನ್ನಡಿಯ ಚೂರುಗಳನ್ನು ಅವಳು ಗುಡಿಸುತ್ತಿದ್ದುದು ಅಲ್ಲೇ. ತಮ್ಮನ ಲಾರಿಯದೂ ಸೇರಿ, ಅಂದಿನಿಂದ ಆ ಸುತ್ತಿನ ಗಾಜನ್ನು ಕಸದ ಲಾರಿಗೆ ಹಾಕದೆ, ಸಿಕ್ಕ ಕಂಬದ ಸಂಖ್ಯೆಯನ್ನು ಚೀಲದ ಮೇಲೆ ಬರೆದು ಬೇರೆಬೇರೆಯಾಗಿ ಇಟ್ಟಳು. ತನಿಖೆಯ ದಿನ ಬರುವಷ್ಟರಲ್ಲಿ ಅದೇ ರೀತಿ ಇನ್ನೂ ನಾಲ್ಕು ವಾಹನಗಳು ಜಾರಿದ್ದವು.

ಆ ಸೋಮವಾರ ಬೆಳಿಗ್ಗೆ ರಸ್ತೆಯ ಒಂದು ಸಾಲು ಮುಚ್ಚಿಸಿ, ತನಿಖೆಯವರು ಅರವತ್ತೊಂದನೇ ಕಲ್ಲಿನ ಬಳಿ ಸೇರಿದರು. ಪಾಲಿಶ್ ಮಾಡಿದ ಬೂಟಿನ ಹೆದ್ದಾರಿ ಇಂಜಿನಿಯರು, ನಿವೃತ್ತಿಗೆ ಹತ್ತಿರವಾಗಿದ್ದ ಲೈಸೆನ್ಸ್ ಅಧಿಕಾರಿ, ಗಸ್ತಿನ ಪೇದೆ. ತಲೆ ತಗ್ಗಿಸಿ ನಿಂತ ತಮ್ಮ. ಇಂಜಿನಿಯರು ಕಲ್ಲಿನ ಫೋಟೋ ತೆಗೆಯುತ್ತಿದ್ದರು, ಅದೇ ತಪ್ಪೊಪ್ಪಿಕೊಳ್ಳುವುದೋ ಎಂಬಂತೆ.

ಗಾಜಕ್ಕ ಚೀಲಗಳನ್ನು ಅವರ ಮುಂದಿಟ್ಟಳು. “ಸಾರ್, ಇದು ಮುನ್ನೂರ ಹದಿನೆಂಟನೇ ಕಂಬದ ಹತ್ರ ಬಿದ್ದಿದ್ದು. ಬರೀ ಕನ್ನಡಿ. ಐದೂ ಗಾಡಿ ಅಲ್ಲೇ ಜಾರಿರೋದು.”

“ಕಸ ಗುಡಿಸೋದು ಬಿಟ್ಟು ಕಸ ಕೂಡಿಡೋಕೆ ಯಾರಮ್ಮ ಹೇಳಿದ್ದು ನಿಂಗೆ?” ಎಂದರು ಇಂಜಿನಿಯರು.

“ನೀವೂ ಕೂಡಿಟ್ಟಿದ್ದೀರಲ್ಲ ಸಾರ್, ಆ ಫೈಲಲ್ಲಿ.”

ಪೇದೆಗೆ ಬಂದ ನಗು ಕೆಮ್ಮಾಗಿ ಮುಗಿಯಿತು. ಲೈಸೆನ್ಸ್ ಅಧಿಕಾರಿ ಕೇಳಿದರು, “ಎಷ್ಟು ದೂರಮ್ಮ ಆ ಕಂಬ?”

“ಆರುನೂರು ಹೆಜ್ಜೆ ಸಾರ್.”

“ಅಲ್ಲಿ ಜೀಪು ನಿಲ್ಸೋಕಾಗಲ್ಲ,” ಎಂದರು ಇಂಜಿನಿಯರು.

“ಅದಕ್ಕೇ ಅಲ್ವಾ ಸಾರ್, ಅಲ್ಲಿ ಅಪಘಾತಾನೇ ಆಗಲ್ಲ. ಕಾಗದದಲ್ಲಿ.”

ಅಧಿಕಾರಿ ಮಂಡಿ ನೀವಿಕೊಂಡು ನಡೆಯತೊಡಗಿದರು. ಉಳಿದವರಿಗೆ ಹಿಂಬಾಲಿಸದೆ ವಿಧಿಯಿರಲಿಲ್ಲ.

ಅಲ್ಲಿ ರಸ್ತೆ ನಡುವಿನ ಗಿಡಗಳಿಗೆ ಟ್ಯಾಂಕರಿನವನು ಎಂದಿನಂತೆ ನೀರು ಹಾಕುತ್ತಿದ್ದ. ಗಾಜಕ್ಕ ಕೈ ಬೀಸಿದಳು. “ಪೂರ್ತಿ ಬಿಡಪ್ಪ.”

“ದೊಡ್ಡೋರು ನಿಂತವ್ರಲ್ಲಕ್ಕ.”

“ಗಿಡಕ್ಕೇನು ಗೊತ್ತು, ದೊಡ್ಡೋರು ಚಿಕ್ಕೋರು? ಬಿಡು!”

ನೀರು ಗಿಡಗಳ ಬುಡ ತುಂಬಿ, ಕಟ್ಟೆ ದಾಟಿ, ಇಳಿದುಹೋಗಲು ದಾರಿಯಿಲ್ಲದೆ ಡಾಂಬರಿನ ಮೇಲೆ ಹರಡಿಕೊಂಡಿತು. ಬೆರಳಿನ ದಪ್ಪವೂ ಇಲ್ಲದ ಪೊರೆ. ಓಡುವ ಚಕ್ರವನ್ನು ನೆಲದಿಂದ ಬಿಡಿಸಲು ಅಷ್ಟು ಸಾಕು. ಬೂಟನ್ನು ಉಳಿಸಿಕೊಳ್ಳಲು ಹಾರಿದ ಇಂಜಿನಿಯರು ಜಾರಿ, ಪೇದೆಯ ಹೆಗಲಿಗೆ ಜೋತುಬಿದ್ದರು.

“ನಿದ್ದೆ ಬಂತಾ ಸಾರ್?” ಎಂದಳು ಗಾಜಕ್ಕ. ಬಳಿಕ ಪೊರಕೆಯ ಕೋಲಿನಿಂದ ನೆಲವನ್ನು ಕುಟ್ಟಿದಳು. “ಚರಂಡಿ ಬಾಯಿ ಇದರ ಕೆಳಗಿದೆ. ಮೂರು ವರ್ಷದ ಹಿಂದೆ ಹೊಸ ಡಾಂಬರು ಹಾಕ್ದಾಗ ನಿಮ್ಮೋರೇ ಮುಚ್ಚಿದ್ದು. ನಾನು ಇಲ್ಲೇ ನಿಂತಿದ್ದೆ.”

“ಆವಾಗ್ಲೇ ಹೇಳ್ಬೇಕಿತ್ತು,” ಎಂದರು ಅಧಿಕಾರಿ.

“ಹೇಳ್ದೆ ಸಾರ್. ನಮ್ಮ ಮೇಸ್ತ್ರಿ ‘ನೀನು ಗುಡಿಸು’ ಅಂದ. ಗುಡಿಸ್ತಾ ಇದ್ದೀನಿ.”

ಇಷ್ಟಾದ ಮೇಲೆ ಸತ್ಯ ಕಾಗದಕ್ಕೆ ಇಳಿಯಿತೆಂದು ನಂಬುವವರು ಕಚೇರಿಗಳನ್ನು ಕಂಡವರಲ್ಲ. ರಸ್ತೆಯದೇ ತಪ್ಪೆಂದು ಬರೆದರೆ ಹಿಂದಿನ ಇಪ್ಪತ್ತೊಂಬತ್ತು ಫೈಲುಗಳೂ ಬಾಯಿ ತೆರೆಯುತ್ತವೆ ಎಂದು ಇಂಜಿನಿಯರು ಅಧಿಕಾರಿಯ ಕಿವಿಯಲ್ಲಿ ಪಿಸುಗುಟ್ಟಿದರು. ಆರುನೂರು ಹೆಜ್ಜೆ ನಡೆದು ಬಂದ ಅಧಿಕಾರಿಯ ಧೈರ್ಯ ಅಲ್ಲಿಗೆ ಮುಗಿಯಿತು. ‘ಕಾರಣ ನಿಖರವಾಗಿ ತಿಳಿದುಬಂದಿಲ್ಲ’ ಎಂದು ಬರೆದು ತಿಪ್ಪೆ ಸಾರಿಸಲಾಯಿತು. ಲೈಸೆನ್ಸು ಉಳಿಯುತ್ತದೆ, ಆದರೆ ರಸ್ತೆಯ ಬಗ್ಗೆ ತನ್ನ ದೂರೇನೂ ಇಲ್ಲವೆಂದು ಚಾಲಕ ಸಹಿ ಹಾಕಬೇಕು.

“ಹಾಕ್ಬೇಡ,” ಎಂದಳು ಗಾಜಕ್ಕ.

ತಮ್ಮ ಪೆನ್ನು ತೆಗೆದುಕೊಂಡ. “ಅಕ್ಕಾ, ಓಡಿಸೋದು ಬಿಟ್ರೆ ನಂಗೆ ಇನ್ನೇನು ಬರುತ್ತೆ?”

ಸಹಿ ಹಾಕಿದ. ಅವಳು ಅವನೊಡನೆ ಹನ್ನೊಂದು ದಿನ ಮಾತಾಡಲಿಲ್ಲ.

ತಿಂಗಳೊಳಗೆ ಕಚೇರಿಯವರು ಪರಿಹಾರ ಕಂಡುಕೊಂಡರು. ಚರಂಡಿಯ ಬಾಯಿ ಬಿಡಿಸಲಿಲ್ಲ. ಜೀಪು ನಿಲ್ಲುವ ಜಾಗವನ್ನು ಅರವತ್ತಮೂರನೇ ಕಲ್ಲಿನ ಪಕ್ಕಕ್ಕೆ ಸಾಗಿಸಿದರು. ಅರವತ್ತೊಂದರಲ್ಲಿ ಅಪಘಾತಗಳು ಒಮ್ಮೆಲೇ ನಿಂತವು. ಇಂಜಿನಿಯರಿಗೆ ಪ್ರಶಂಸಾಪತ್ರ ಬಂತು. ಅರವತ್ತಮೂರರ ನೆಲದಡಿಯಲ್ಲೂ ಅಯಸ್ಕಾಂತವಿದೆ ಎಂಬ ಮಾತು ಹುಟ್ಟಿತು.

ಲೈಸೆನ್ಸೇನೋ ಉಳಿಯಿತು. ಆದರೆ ತಮ್ಮ ವಾರಕ್ಕೆ ನಾಲ್ಕು ಸಲ ಓಡಬೇಕಾದದ್ದು ಅದೇ ನೀರಿನ ಮೇಲೆ. ಗಾಜಕ್ಕ ರಸ್ತೆಗೆ ಬಿಳಿ ಗೆರೆ ಹಾಕುವವರಿಂದ ಉಳಿದ ಬಣ್ಣ ಕೇಳಿ ಪಡೆದು, ಮುನ್ನೂರ ಹದಿನೆಂಟನೇ ಕಂಬದ ಮೇಲೆ, ದೂರದಿಂದಲೇ ಕಾಣುವ ಹಾಗೆ, ತಾನು ಕಲಿತ ಮೊದಲ ಪದವನ್ನು ಬರೆದಳು. ಮೊದಲ ಮಳೆಗೆ ತಮ್ಮನ ಲಾರಿ ಅಲ್ಲಿ ನಿಧಾನವಾಯಿತು. ಹಿಂದಿದ್ದವರು ಹಾರ್ನ್ ಹೊಡೆಯುತ್ತಲೇ ನಿಧಾನವಾದರು. ಆ ಸಂಜೆ ಅವಳು ತಮ್ಮನನ್ನು ಊಟಕ್ಕೆ ಕರೆದಳು.

ವಾರದೊಳಗೆ ಗುಡಿಸುವ ತಂಡದ ಮೇಸ್ತ್ರಿ ಒಂದು ಕಾಗದ ಹಿಡಿದು ಬಂದ. “ಯಾರೋ ಏನೋ ಗೀಚಿದ್ದಾರಂತೆ. ಒರೆಸ್ಬೇಕಂತೆ ಕಣಕ್ಕ, ಮೇಲಿಂದ ಆರ್ಡರ್.”

“ಎಲ್ಲಿ ಅಂತ ಬರ್ದಿದ್ದಾರೆ? ಸರಿಯಾಗಿ ಓದು.”

“ಅರವತ್ತಮೂರನೇ ಕಲ್ಲಿನ ಹತ್ರ.”

ಗಾಜಕ್ಕ ಬಕೆಟ್ಟು, ಬಟ್ಟೆ ತೆಗೆದುಕೊಂಡು ನೆಟ್ಟಗೆ ಅರವತ್ತಮೂರಕ್ಕೆ ನಡೆದಳು. ಕಲ್ಲನ್ನು ನಾಲ್ಕೂ ಕಡೆಯಿಂದ ತಿಕ್ಕಿ, ತೊಳೆದು, ಒರೆಸಿ ಬಂದು, ಕೆಲಸ ಮುಗಿಯಿತೆಂದು ಬರೆದುಕೊಳ್ಳಲು ಮೇಸ್ತ್ರಿಗೆ ಹೇಳಿದಳು.